ವಾಂತಿ-ಭೇದಿ: ಚಮಚ ಚಮಚವಾಗಿ ಓಆರ್‌ಎಸ್

ಮಗುವಿಗೆ ವಾಂತಿ-ಭೇದಿ ಶುರುವಾದರೆ ಮನೆಮಂದಿಯೆಲ್ಲ ಭೇದಿ ನಿಲ್ಲಿಸುವ ಔಷಧಿ ಕೇಳುತ್ತಾರೆ. ನಾನು ಹುಡುಕುವುದು ಒಂದು ಲೀಟರಿನ ಬಾಟಲಿ. ಮಗುವಿನ ಜೀವಕ್ಕೆ ಕುತ್ತು ತರುವುದು ಮೈಯಿಂದ ಹೋಗುವ ನೀರು ಮತ್ತು ಲವಣ. ಅದನ್ನು ತುಂಬುತ್ತಿದ್ದರೆ ಹೆಚ್ಚಿನ ಭೇದಿ ತಾನಾಗಿಯೇ ತಗ್ಗುತ್ತದೆ.

ಹೋದ ಬೇಸಿಗೆಯಲ್ಲಿ ಎರಡು ವರ್ಷದ ಮಗಳಿಗೆ ಹೀಗಾದಾಗ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಓಆರ್‌ಎಸ್ ಎಂಬ ಉಪ್ಪು-ಸಕ್ಕರೆ ಪುಡಿಯ ದೊಡ್ಡ ಪೊಟ್ಟಣ ಪೂರ್ತಿ ಸುರಿದು ಕಲಸಿದೆ. ಇಲ್ಲಿ ಕಣ್ಣಂದಾಜು ಬೇಡವೇ ಬೇಡ. ನೀರು ಕಡಿಮೆಯಾದರೆ ಉಪ್ಪು ಹೆಚ್ಚಾಗಿ ಮಗುವಿಗೇ ಅಪಾಯ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು. ಅಂಗಡಿಯ ಸಿಹಿ ಪಾನೀಯಗಳನ್ನು ನಾನು ಹತ್ತಿರಕ್ಕೂ ಸೇರಿಸಲಿಲ್ಲ. ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿ.

ಕಷ್ಟ ಇರುವುದು ಕುಡಿಸುವುದರಲ್ಲಿ. ಬಾಯಾರಿದ ಮಗು ಲೋಟ ಕಿತ್ತುಕೊಂಡು ಗಟಗಟ ಕುಡಿಯುತ್ತದೆ, ಕುಡಿದಷ್ಟೂ ಹೊರಗೆ. ವಾಂತಿಯಾದ ಮೇಲೆ ಹತ್ತು ನಿಮಿಷ ಸುಮ್ಮನೆ ಬಿಟ್ಟೆ. ಆಮೇಲೆ ತೊಡೆಯ ಮೇಲೆ ತಲೆ ಎತ್ತರಿಸಿ ಕೂರಿಸಿಕೊಂಡು, ಸ್ಟೀಲ್ ಚಮಚವನ್ನು ಕೆನ್ನೆಯ ಒಳಬದಿಗೆ ತಾಗಿಸಿ ಸ್ವಲ್ಪಸ್ವಲ್ಪ ಬಿಟ್ಟೆ. ನಾಲಿಗೆಯಲ್ಲಿ ತಳ್ಳಿದಳು, ಒರೆಸಿ, ಎರಡು ನಿಮಿಷ ತಡೆದು ಮತ್ತೆ ಒಂದು ಚಮಚ. ರಾತ್ರಿಯೆಲ್ಲ ಅದೇ ಕೆಲಸ. ಈ ವಯಸ್ಸಿಗೆ ಪ್ರತಿ ಭೇದಿಗೂ ಸುಮಾರು 100 ಮಿಲಿಯಾದರೂ ಒಳಗೆ ಹೋಗಬೇಕು. ಬೆಳಗಿನ ಜಾವ ಚಡ್ಡಿ ಒದ್ದೆಯಾಗಿ ಉಚ್ಚೆ ಹೋಗಿದ್ದು ಕಂಡಾಗಲೇ ನನಗೆ ಧೈರ್ಯ ಬಂದಿದ್ದು.

"ಹೊಟ್ಟೆ ಖಾಲಿ ಬಿಡೇ, ಅದೇ ಸರಿಹೋಗುತ್ತೆ" ಅಂದರು ಅತ್ತೆ. "ಇಲ್ಲ ಅತ್ತೆ, ಉಪವಾಸ ಕೆಡವಿದ್ರೆ ಇನ್ನೂ ಸೊರಗ್ತಾಳೆ" ಅಂದೆ. ಆಮೇಲೆ ಅವರೇ ಹೆಸರುಬೇಳೆ ಹಾಕಿ ಅನ್ನ ಮೆತ್ತಗೆ ಬೇಯಿಸಿ, ತುಪ್ಪ ಹಾಕದೆ ಕಿವುಚಿ ತಂದರು. ಎರಡೆರಡು ತುತ್ತು, ನಡುವೆ ಮೊಸರನ್ನ, ಬಾಳೆಹಣ್ಣು. ಎದೆಹಾಲು ಕುಡಿಯುವ ಕೂಸಾದರೆ ಹಾಲು ನಿಲ್ಲಿಸಲೇಬಾರದು.

ಮಲದಲ್ಲಿ ರಕ್ತ, ಕಣ್ಣು ಗುಳಿಬೀಳುವುದು, ಆರು ಗಂಟೆ ಕಾಲ ಉಚ್ಚೆ ಇಲ್ಲದಿರುವುದು, ಕರೆದರೂ ಕಣ್ಣು ಬಿಡದ ಮಂಪರು, ಏನು ಕೊಟ್ಟರೂ ವಾಂತಿ: ಇವುಗಳಲ್ಲಿ ಒಂದು ಕಂಡರೂ ಚಮಚ ಹಿಡಿದು ಕೂರದೆ ಆಸ್ಪತ್ರೆಗೆ ಓಡಬೇಕು. ಆರು ತಿಂಗಳೊಳಗಿನ ಕೂಸಿಗಂತೂ ಶುರುವಿನಲ್ಲೇ ವೈದ್ಯರು ನೋಡಬೇಕು.

ಭೇದಿ ಮೂರ್ನಾಲ್ಕು ದಿನದಲ್ಲಿ ತಗ್ಗಿತು. ಆದರೆ ಆಶಾ ಕಾರ್ಯಕರ್ತೆ ಕೊಟ್ಟಿದ್ದ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು ದಿನಕ್ಕೊಂದರಂತೆ ಚಮಚ ನೀರಲ್ಲಿ ಕರಗಿಸಿ 14 ದಿನವೂ ಕೊಟ್ಟೆ. ಮಗು ಆಡತೊಡಗಿತೆಂದು ಇದನ್ನು ಅರ್ಧಕ್ಕೆ ಬಿಡುವವರೇ ಹೆಚ್ಚು. ಪೂರ್ತಿ ಕೊಟ್ಟರೆ ಮುಂದಿನ ಎರಡು-ಮೂರು ತಿಂಗಳು ಭೇದಿ ಮರುಕಳಿಸುವುದು ಕಡಿಮೆ.