ಅತ್ತೂರಿಗೆ ಬೈಕಿನಲ್ಲಿ ಹೊರಟಿದ್ದೀರಾ? ನಿಲ್ಲಿಸುವುದಕ್ಕೆ ಟೈಮ್ ಇಟ್ಟುಕೊಳ್ಳಿ

ಬೆಂಗಳೂರಿನಿಂದ ಕಾರ್ಕಳಕ್ಕೆ ಬಸ್ಸಿದೆ. ರಾತ್ರಿ ಹತ್ತಿ ಮಲಗಿದರೆ ಬೆಳಗ್ಗೆ ಇಳಿಯಬಹುದು, ಅಲ್ಲಿಂದ ಅತ್ತೂರು ಪಕ್ಕದಲ್ಲೇ. ಆದರೂ ಅಲ್ಲಿರುವ ಸಂತ ಲಾರೆನ್ಸರ ಬಸಿಲಿಕಕ್ಕೆ (ಪೋಪರಿಂದ ವಿಶೇಷ ಸ್ಥಾನ ಪಡೆದ ಚರ್ಚು) ಬೈಕಿನಲ್ಲೇ ಹೋಗಬೇಕು ಅನ್ನುವವರಿಗೆ ಈ ಬರಹ. ಬೈಕಿನಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಇಷ್ಟಪಡುವುದು ಬೇಕಾದ ಕಡೆ ನಿಲ್ಲಿಸುವ ಸ್ವಾತಂತ್ರ್ಯ. ಬಸ್ಸಿನಲ್ಲಿ ಅದಿಲ್ಲ. ಹದಿನೈದು ಜನರ ಗುಂಪು ಕಟ್ಟಿಕೊಂಡು ಹೊರಟರೆ ಬೈಕಿನಲ್ಲೂ ಇರುವುದಿಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಆ ಸ್ವಾತಂತ್ರ್ಯ ಉಳಿಸಿಕೊಂಡು ಹೋಗಿ ಬರುವುದು ಹೇಗೆ ಅನ್ನುವುದರ ಬಗ್ಗೆ.

ಮೊದಲು ಯಾವಾಗ ಹೋಗಬೇಕು ಅನ್ನುವುದು. ಜನವರಿಯಲ್ಲಿ ವಾರ್ಷಿಕ ಮಹೋತ್ಸವ ಇರುತ್ತದೆ, ಊರವರು ಅದನ್ನು ಸಾಂತ್‌ಮಾರಿ ಅನ್ನುತ್ತಾರೆ. ಎಲ್ಲ ಧರ್ಮದವರೂ ಸೇರುತ್ತಾರೆ, ನೋಡಲೇಬೇಕಾದ ಜಾತ್ರೆ. ಆದರೆ ಮೊದಲ ಸಲ ಹೋಗುವವರು ಆ ದಿನಗಳನ್ನು ಬಿಡಿ. ಜನಜಂಗುಳಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಸುಸ್ತಾಗುತ್ತೀರಿ. ಡಿಸೆಂಬರ್ ಅಥವಾ ಫೆಬ್ರವರಿಯಲ್ಲಿ ವಾರದ ಮಧ್ಯೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ, ದಾರಿಯಲ್ಲಿ ಸಿಗುವ ಚಾರ್ಮಾಡಿ ಘಾಟಿಯಲ್ಲಿ ಯಾವಾಗ ಗುಡ್ಡ ಜರಿಯುತ್ತದೆ ಅಂತ ಹೇಳುವುದಕ್ಕಾಗುವುದಿಲ್ಲ.

ದಾರಿ: ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಗುರುವಾಯನಕೆರೆ, ನಾರಾವಿ, ಬಜಗೋಳಿ, ಕಾರ್ಕಳ. ಎಲ್ಲ ಸೇರಿ ಸುಮಾರು 350 ಕಿ.ಮೀ. ಒಂದೇ ದಿನದಲ್ಲಿ ಮುಗಿಸಬಹುದು, ಆದರೆ ಎರಡು ದಿನ ಮಾಡಿ. ಹಾಸನದಲ್ಲೋ ಬೇಲೂರಿನಲ್ಲೋ ರಾತ್ರಿ ಉಳಿಯಿರಿ. "ಎಲ್ಲೂ ನಿಲ್ಲದೆ ಹೋಗಿ ಬರ್ತೀನಿ ಅಂತ ಹರಕೆ ಹೊತ್ತಿದ್ದೇನೆ" ಅನ್ನುವವರಿದ್ದಾರೆ. ದಯವಿಟ್ಟು ಅಂಥ ಹರಕೆ ಹೊರಬೇಡಿ. ಉಪವಾಸ ಮಾಡಿ, ದಾನ ಕೊಡಿ, ದೇವರಿಗೆ ಅದು ಸಲ್ಲುತ್ತದೆ. ನಿದ್ದೆಗೆಟ್ಟು ಓಡಿಸಿದರೆ ಎದುರಿಗೆ ಬರುವವನ ಜೀವವನ್ನೂ ನಿಮ್ಮ ಹರಕೆಗೆ ಒತ್ತೆ ಇಟ್ಟಂತೆ.

ಗಾಡಿಗೆ ಆಶೀರ್ವಾದ ಮಾಡಿಸುವ ಪದ್ಧತಿ ಒಳ್ಳೆಯದು. ನಿಮ್ಮ ಚರ್ಚಿನ ಫಾದರ್ ಹತ್ತಿರ ಕೇಳಿಕೊಂಡರೆ ಭಾನುವಾರದ ಪೂಜೆ ಮುಗಿದ ಮೇಲೆ ಪವಿತ್ರ ಜಲ ಚಿಮುಕಿಸಿ ಪ್ರಾರ್ಥನೆ ಮಾಡುತ್ತಾರೆ. ಅಲ್ಲಿಂದ ಸೀದಾ ಮೆಕ್ಯಾನಿಕ್ ಹತ್ತಿರ ಹೋಗಿ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿಸಿ. ಚೈನ್ ಅನ್ನು ಬೆರಳಿನಿಂದ ಎತ್ತಿದರೆ ಸಾಮಾನ್ಯವಾಗಿ ಎರಡರಿಂದ ಮೂರು ಸೆಂ.ಮೀ. ಆಡಬೇಕು, ನಿಮ್ಮ ಗಾಡಿಯ ಸರಿಯಾದ ಅಳತೆ ಮ್ಯಾನ್ಯುಯಲ್‌ನಲ್ಲಿರುತ್ತದೆ. ಟೈರಿನ ಗಾಳಿಯನ್ನು ಹೊರಡುವ ಮುಂಚೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೋಗುವುದಾದರೆ ಹಿಂದಿನ ಚಕ್ರಕ್ಕೆ ಗಾಳಿ ಜಾಸ್ತಿ ಬೇಕು. ಅಮ್ಮನಿಗೂ ಐಎಸ್ಐ ಗುರುತಿನ ಹೆಲ್ಮೆಟ್ ಇರಲಿ. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕಿ ಆಗಿರುವ ಅನಾಹುತ ಒಂದೆರಡಲ್ಲ, ಚೂಡಿದಾರ್ ಹಾಕಿಕೊಂಡು ಎರಡೂ ಕಡೆ ಕಾಲು ಹಾಕಿ ಕೂರಲು ಒಪ್ಪಿಸಿ. ಸೀರೆ ಬ್ಯಾಗಿನಲ್ಲಿರಲಿ, ಅತ್ತೂರಿಗೆ ಹೋಗಿ ಉಟ್ಟುಕೊಳ್ಳಬಹುದು.

ಹ್ಯಾಂಡಲ್‌ಗೆ ಜಪಸರ ಕಟ್ಟುವುದು ಬೇಡ. ಬಿಚ್ಚಿಕೊಂಡು ಕೇಬಲ್‌ಗೆ ಸುತ್ತಿಕೊಳ್ಳಬಹುದು. ಜೇಬಿನಲ್ಲಿಟ್ಟುಕೊಳ್ಳಿ. ಶಿಲುಬೆ ಇದೆ, ಏನೂ ಆಗಲ್ಲ ಅಂತ ಗಾಡಿ ಹೇಗೆಂದರೆ ಹಾಗೆ ಓಡಿಸುವವರು ಸುವಾರ್ತೆಯ ಒಂದು ಭಾಗವನ್ನು ಮತ್ತೆ ಓದಬೇಕು. ದೇವಾಲಯದ ತುದಿಯಿಂದ ಕೆಳಕ್ಕೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಅಂತ ಸೈತಾನ ಹೇಳಿದಾಗ ಯೇಸು ಒಪ್ಪಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂದುಬಿಟ್ಟರು.

ಪ್ರಾರ್ಥನೆ ಹೇಗೆ? ಹೊರಡುವ ಮುಂಚೆ ಒಂದು ಸಲ, ನಿಲ್ಲಿಸಿದ ಪ್ರತಿ ಸಲ ಒಂದಿಷ್ಟು. ಒಂದೊಂದು ನಿಲುಗಡೆಗೆ ಜಪಸರದ ಹತ್ತು ಮಣಿಗಳ ಒಂದೊಂದು ಭಾಗ ಅಂತ ಇಟ್ಟುಕೊಂಡರೆ ಐದು ನಿಲುಗಡೆಗೆ ಪೂರ್ತಿ ಜಪಸರ ಮುಗಿಯುತ್ತದೆ, ಮೈಗೂ ವಿಶ್ರಾಂತಿ ಸಿಗುತ್ತದೆ. ಓಡಿಸುವಾಗ ಇಯರ್‌ಫೋನ್‌ನಲ್ಲಿ ಭಕ್ತಿಗೀತೆ ಬೇಡ. ಹಿಂದಿನ ಲಾರಿಯ ಸದ್ದು ಕಿವಿಗೆ ಬೀಳಬೇಕು. ಓಡಿಸುವಾಗ ಓಡಿಸುವುದರ ಮೇಲೇ ಪೂರ್ತಿ ಗಮನ ಇಡುವುದೂ ಒಂದು ಪ್ರಾರ್ಥನೆ ಅಂತ ನಾನು ನಂಬಿದ್ದೇನೆ. ಎದುರಿಗೆ ಬರುವವರ ಮೇಲೆ ನಿಮಗಿರುವ ಪ್ರೀತಿ ಅಲ್ಲಿ ಕೈಯಲ್ಲಿ, ಕಾಲಿನಲ್ಲಿ ಇರುತ್ತದೆ.

ಹಾಸನದಲ್ಲಿ ಅರ್ಧ ದಿನ ಸಿಕ್ಕರೆ ಶೆಟ್ಟಿಹಳ್ಳಿಗೆ ಹೋಗಿ ಬನ್ನಿ, 20 ಕಿ.ಮೀ. ಆಸುಪಾಸು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೆ ಬರುತ್ತದೆ. ನೀರು ಇಳಿದ ಜಾಗ ಮೇಲೆ ಒಣಗಿದಂತೆ ಕಂಡರೂ ಒಳಗೆ ಕೆಸರು, ಬೈಕ್ ಇಳಿಸಬೇಡಿ. ಪಾಳು ಗೋಡೆ ಹತ್ತಬೇಡಿ. ಒಂದು ಕಾಲದಲ್ಲಿ ಜನ ಅಲ್ಲಿ ಮೊಣಕಾಲೂರಿದ್ದರು ಅನ್ನುವುದನ್ನು ನೆನಪಿಟ್ಟುಕೊಂಡು ಫೋಟೊ ತೆಗೆಯಿರಿ.

ಇನ್ನು ಚಾರ್ಮಾಡಿ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು, ಮಂಜು ಕರಗುವವರೆಗೆ ಕಾಯಿರಿ. ಇಳಿಯುವಾಗ ಎರಡನೇ ಗೇರ್. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಆಸೆ ಬೇಡ, ಗೇರ್ ಹಾಕಿದ್ದರೆ ಎಂಜಿನ್ನೇ ವೇಗ ತಡೆಯುತ್ತದೆ, ಬ್ರೇಕ್ ಅತಿಯಾಗಿ ಬಿಸಿಯಾಗುವುದಿಲ್ಲ. ತಿರುವಿಗೆ ಮುಂಚೆಯೇ, ಗಾಡಿ ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ, ಮುಂದಿನದು ಸ್ವಲ್ಪ ಜಾಸ್ತಿ. ತಿರುವಿನ ಒಳಗೆ ಕಣ್ಣು ರಸ್ತೆ ಹೊರಬೀಳುವ ಕಡೆ ಇರಲಿ. ಕಂದಕವನ್ನೇ ನೋಡುತ್ತಿದ್ದರೆ ಗಾಡಿಯೂ ಆ ಕಡೆಗೇ ಎಳೆಯುತ್ತದೆ. ಬಸ್ಸು ಹೇರ್‌ಪಿನ್‌ನಲ್ಲಿ ಇಡೀ ರಸ್ತೆ ತೆಗೆದುಕೊಳ್ಳುತ್ತದೆ. ಹಾರ್ನ್ ಕೇಳಿಸಿದರೆ ಎಡಕ್ಕೆ ನಿಂತು ಅದು ದಾಟುವವರೆಗೆ ಕಾಯಿರಿ. ತಿರುವಿನಲ್ಲಿ ಕಾಮನಬಿಲ್ಲಿನ ಬಣ್ಣ ಹೊಳೆಯುತ್ತಿದ್ದರೆ ಅದು ಚೆಲ್ಲಿದ ಡೀಸೆಲ್, ಅದರ ಮೇಲೆ ವಾಲಿಸಬೇಡಿ.

ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ನಿಲ್ಲಿಸಿ. ನಾನು ಈ ಬರಹ ಬರೆಯಲು ಮುಖ್ಯ ಕಾರಣವೇ ಇದು. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ, ದಾರಿಯಲ್ಲಿ ಗಾಯಗೊಂಡು ಬಿದ್ದಿದ್ದವನಿಗೆ ನೆರವಾದ ಸಮಾರ್ಯದವನ ಕಥೆ ಬಹಳ ಜನರಿಗೆ ಗೊತ್ತು. ಅವನ ಹತ್ತಿರ ಸ್ವಂತ ಸವಾರಿ ಇತ್ತು, ಗಾಯಗೊಂಡವನನ್ನು ಅದರ ಮೇಲೇ ಕೂರಿಸಿ ಛತ್ರಕ್ಕೆ ಕರೆದುಕೊಂಡು ಹೋದ. ಅವನೂ ಒಬ್ಬ ಸವಾರ, ಅಲ್ವಾ? ದೇವಾಲಯದ ಯಾಜಕ, ಅಲ್ಲಿಯ ಸೇವಕನಾದ ಲೇವಿಯ ಇಬ್ಬರೂ ನೋಡಿಕೊಂಡೇ ಮುಂದೆ ಹೋದರು, ಇವನು ನಿಂತ. ಸಂತ ಪೌಲರು ಬೈಬಲಿನಲ್ಲಿರುವ ಪತ್ರದಲ್ಲಿ ಗಲಾತ್ಯದ ಕ್ರೈಸ್ತರಿಗೆ ಬರೆದದ್ದೂ ಇದನ್ನೇ. ಸ್ವತಂತ್ರರಾಗಲು ನಿಮಗೆ ಕರೆ ಬಂದಿದೆ, ಆ ಸ್ವಾತಂತ್ರ್ಯದಲ್ಲಿ ಒಬ್ಬರಿಗೊಬ್ಬರು ಸೇವೆ ಮಾಡಿ ಅಂತ.

ನಿಂತ ಮೇಲೆ ಏನು ಮಾಡಬೇಕು ಅನ್ನುವುದೂ ಗೊತ್ತಿರಲಿ. ನಿಮ್ಮ ಬೈಕನ್ನು ತಿರುವಿನ ಒಳಗೆ ಬಿಡದೆ, ಬರುವವರಿಗೆ ದೂರದಿಂದಲೇ ಕಾಣುವಂತೆ ಅಂಚಿನಲ್ಲಿ ನಿಲ್ಲಿಸಿ. 108ಕ್ಕೋ 112ಕ್ಕೋ ಫೋನ್ ಮಾಡಿ. ಘಾಟಿಯಲ್ಲಿ ಎಷ್ಟೋ ಕಡೆ ಸಿಗ್ನಲ್ ಇರುವುದಿಲ್ಲ, ಆಗ ಇಳಿಯುವ ಗಾಡಿಯವರ ಹತ್ತಿರ ಹೇಳಿ ಕಳಿಸಿ. ಬಿದ್ದವರು ಬೈಕ್ ಸವಾರರಾಗಿದ್ದರೆ ಅವಸರದಲ್ಲಿ ಹೆಲ್ಮೆಟ್ ಕೀಳಬೇಡಿ, ವೈಸರ್ ಎತ್ತಿ ಉಸಿರಾಡುತ್ತಿದ್ದಾರಾ ನೋಡಿ. ಕತ್ತು, ಬೆನ್ನು ಅಲುಗಾಡಬಾರದು. ನೀರು ಕುಡಿಸಬೇಡಿ. ರಕ್ತ ಹರಿಯುತ್ತಿದ್ದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ಬಿಡಬೇಡಿ. ಸಮಾರ್ಯದವನಂತೆ ನಿಮ್ಮ ಗಾಡಿ ಮೇಲೆ ಕೂರಿಸಿಕೊಂಡು ಹೊರಡುವುದು ಮಾತ್ರ ಈಗ ಬೇಡ, ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಇನ್ನಷ್ಟು ಹಾನಿಯಾಗುತ್ತದೆ. ಪೊಲೀಸ್, ಕೋರ್ಟು ಅಂತ ಹೆದರಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಸಹಾಯ ಮಾಡಿದವರಿಗೆ ಕಾನೂನಿನ ರಕ್ಷಣೆ ಇದೆ, ಹೆಸರು ವಿಳಾಸ ಕೊಡಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ.

ಗುಂಪಿನಲ್ಲಿ ಹೋಗುವುದಾದರೆ ನಾಲ್ಕೈದು ಬೈಕ್ ಸಾಕು. ನಿಧಾನ ಓಡಿಸುವವರು ಮುಂದೆ ಇರಲಿ, ಅವರ ವೇಗವೇ ಎಲ್ಲರ ವೇಗ. ಮುಂದಿನ ಸೇರುವ ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ, ಆಗ ಯಾರು ಎಲ್ಲಿ ನಿಂತರೂ ಯಾರಿಗೂ ಗಾಬರಿಯಾಗುವುದಿಲ್ಲ.

ಅತ್ತೂರು ತಲುಪಿದ ಕೂಡಲೇ ಸೆಲ್ಫಿಗೆ ನಿಲ್ಲಬೇಡಿ. ಜಾಕೆಟ್ ತೆಗೆದು, ಮುಖ ತೊಳೆದು, ಶುದ್ಧ ಅಂಗಿ ಹಾಕಿಕೊಂಡು ಒಳಗೆ ಹೋಗಿ. 1759ರಲ್ಲಿ ಶುರುವಾದ ಧರ್ಮಕೇಂದ್ರ, 2016ರಲ್ಲಿ ಬಸಿಲಿಕದ ಸ್ಥಾನ ಸಿಕ್ಕಿದೆ. ಚರ್ಚಿಗೆ ಜಾಗ ಹುಡುಕುತ್ತಾ ಹೊರಟವರು ಸಂತರ ಪ್ರತಿಮೆಯನ್ನು ದಾರಿಯಲ್ಲಿ ಇಳಿಸಿದರಂತೆ, ಮತ್ತೆ ಎತ್ತಲು ಹೋದರೆ ಮೇಲೇಳಲೇ ಇಲ್ಲವಂತೆ, ಅಲ್ಲೇ ಚರ್ಚು ಕಟ್ಟಿದರು ಅಂತ ಹೇಳುತ್ತಾರೆ. ಮೇಣದ ಬತ್ತಿ ಹಚ್ಚಿ. ಪಾಪನಿವೇದನೆ ಮಾಡಿ ಬಹಳ ದಿನ ಆಗಿದ್ದರೆ ಅದನ್ನೂ ಮುಗಿಸಿ. ಬಲಿಪೂಜೆಯ (ಚರ್ಚಿನ ಮಾಸ್) ಸಮಯವನ್ನು ಹೊರಡುವ ಮುಂಚೆಯೇ ಕೇಳಿಕೊಂಡಿದ್ದರೆ ಒಳ್ಳೆಯದು.

ಅವತ್ತೇ ವಾಪಸ್ ಹೊರಡಬೇಡಿ. ಕಾರ್ಕಳದಲ್ಲಿ ಮಲಗಿ, ಬೆಳಗ್ಗೆ ಚೈನ್‌ಗೆ ಲ್ಯೂಬ್ ಹಾಕಿ, ಬೆಳಕು ಹರಿದ ಮೇಲೆ ಗಾಡಿ ತೆಗೆಯಿರಿ. ಘಾಟಿ ಹತ್ತುವಾಗ ದಾರಿ ಬದಿಯ ಮಂಗಗಳಿಗೆ ತಿಂಡಿ ಎಸೆಯಬೇಡಿ, ಅದಕ್ಕಾಗಿ ಅವು ರಸ್ತೆಗೇ ಬಂದುಬಿಡುತ್ತವೆ.