ಫೋಟೋ ತೋರಿಸಿ, ಆಮೇಲೆ ಸುಮ್ನೆ ಕೂತ್ಕೊಳ್ಳಿ

ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗ್ಗೆ ಆರು ಗಂಟೆಗೆ ಒಂದು ಫೋಟೋ ತೆಗೆದಿದ್ದೆ. ಸೇವಂತಿಗೆ ರಾಶಿಯ ಹಿಂದೆ ಕೂತ ಅಜ್ಜಿ, ಮೊಣಕೈಯಿಂದ ಬೆರಳ ತುದಿಯವರೆಗೆ ಹೂವಿನ ಮಾಲೆ ಹಿಡಿದು ಮೊಳ ಹಾಕುತ್ತಿದ್ದರು. ಮನೆಯಲ್ಲಿ ಎಲ್ಲರೂ ಸೂಪರ್ ಅಂದರು. ಕ್ಯಾಮೆರಾ ಹಿಡಿಯುವ ಗೆಳೆಯರ ಮುಂದೆ ಇಟ್ಟೆ. ಒಬ್ಬ ಕೇಳಿದ, "ಮಗಾ, ಆ ಟ್ಯೂಬ್‌ಲೈಟ್ ಫೋಟೋ ಯಾಕೆ ತೆಗೆದೆ?"

ಫ್ರೇಮಿನೊಳಗೆ ಏನಿರಬೇಕು, ಎಲ್ಲಿರಬೇಕು ಅನ್ನುವ ಸಂಯೋಜನೆ, ಅಂದರೆ ಕಂಪೋಸಿಶನ್, ಸರಿಯಾಗಬೇಕಾದರೆ ಇಂಥ ಪ್ರಶ್ನೆ ಕೇಳುವವರು ಬೇಕು. ನಾಲ್ಕೈದು ಜನ ಸಾಕು, ಆದರೆ ಎಲ್ಲರೂ ಒಂದೇ ಥರದ ಫೋಟೋ ತೆಗೆಯುವವರಾಗಿರಬಾರದು. ಮದುವೆ ಫೋಟೋ ತೆಗೆಯುವವನಿಗೆ ತಲೆಯ ಹಿಂದಿನ ಕಂಬ ತಕ್ಷಣ ಕಾಣುತ್ತದೆ, ಹಕ್ಕಿ ಹಿಂದೆ ಬೀಳುವವನು ಮುಖ ತಿರುಗಿದ ಕಡೆ ಜಾಗ ಬಿಟ್ಟಿದ್ದೀರಾ ಅಂತ ನೋಡುತ್ತಾನೆ. ಗೊತ್ತಿರುವವರು ಯಾರೂ ಇಲ್ಲವಾದರೆ ಕ್ಲಬ್ ಸೇರಬಹುದು. ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದಲೂ ಇದೆ.

ಹೋಗುವಾಗ ನಲವತ್ತು ಫೋಟೋ ಹೊತ್ತುಕೊಂಡು ಹೋಗಬೇಡಿ. ಎರಡೋ ಮೂರೋ ಸಾಕು, ಜೊತೆಗೆ ಕ್ರಾಪ್ ಮಾಡದ, ಅಂದರೆ ಅಂಚು ಕತ್ತರಿಸದ, ಮೂಲ ಫೋಟೋ ಇರಲಿ. ಮೊಬೈಲ್‌ನಲ್ಲಿ ತೋರಿಸಿದರೆ ಅಂಚಿನ ತಪ್ಪುಗಳು ಕಾಣುವುದೇ ಇಲ್ಲ. 8x12 ಇಂಚಿನ ಪ್ರಿಂಟ್ ಹಾಕಿಸಿ, ಇಲ್ಲವೇ ಲ್ಯಾಪ್‌ಟಾಪ್‌ನಲ್ಲಿ ತೋರಿಸಿ.

ಈಗ ಕಷ್ಟದ ಕೆಲಸ: ಬಾಯಿ ಮುಚ್ಚಿಕೊಂಡಿರುವುದು. ನಾಲ್ಕು ಗಂಟೆಗೆ ಎದ್ದಿದ್ದು, ಮಳೆ ಬಂದಿದ್ದು, ಅಜ್ಜಿ ನಕ್ಕಿದ್ದು, ಇದೆಲ್ಲ ಹೇಳಿದಿರೋ, ನೋಡುವವರು ಫೋಟೋ ಬಿಟ್ಟು ನಿಮ್ಮ ಕಥೆಗೆ ಮಾರ್ಕ್ಸ್ ಕೊಡುತ್ತಾರೆ. ಐದು ಸೆಕೆಂಡ್ ತೋರಿಸಿ ಮುಚ್ಚಿಬಿಡಿ. "ಚೆನ್ನಾಗಿದೆಯಾ?" ಅಂತ ಮಾತ್ರ ಕೇಳಬೇಡಿ, ಸಂಕೋಚಕ್ಕೆ ಹೂಂ ಅನ್ನುತ್ತಾರೆ. ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಆಮೇಲೆ ಎಲ್ಲಿಗೆ, ಏನನ್ನು ತೆಗೆದರೆ ನಷ್ಟವಿಲ್ಲ, ಇಷ್ಟು ಕೇಳಿ. ನನ್ನ ಫೋಟೋದಲ್ಲಿ ಐವರಲ್ಲಿ ನಾಲ್ವರ ಕಣ್ಣು ಟ್ಯೂಬ್‌ಲೈಟ್‌ಗೇ ಹೋಗಿತ್ತು. ಹೋಗದೆ ಇನ್ನೇನು, ಫ್ರೇಮಿನಲ್ಲಿ ಎಲ್ಲಕ್ಕಿಂತ ಬೆಳ್ಳಗೆ ಇದ್ದದ್ದು ಅದೇ. ತೆಗೆಯುವಾಗ ನಾನು ಅಜ್ಜಿಯನ್ನೇ ನೋಡುತ್ತಿದ್ದೆ, ಕ್ಯಾಮೆರಾ ಎಲ್ಲವನ್ನೂ ನೋಡಿತ್ತು.

ಬಾಯಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸಲು ಹೇಳಿ. ಹಳೇ ಲಗ್ನಪತ್ರಿಕೆಯ ಗಟ್ಟಿ ಹಾಳೆಯಲ್ಲಿ ಎಲ್ ಆಕಾರದ ಎರಡು ತುಂಡು ಕತ್ತರಿಸಿ, ಪ್ರಿಂಟಿನ ಮೇಲೆ ಇಟ್ಟು ಆಚೀಚೆ ಸರಿಸಿ. ಫ್ರೇಮ್ ಚಿಕ್ಕದಾಗುತ್ತಾ ಹೋದಂತೆ ಯಾವುದು ಬೇಕು, ಯಾವುದು ಬೇಡ ಅನ್ನುವುದು ಕಣ್ಣೆದುರೇ ಗೊತ್ತಾಗುತ್ತದೆ. ನಮ್ಮವರು ಮೇಲಿನಿಂದ ಸರಿಸುತ್ತಾ ಬಂದರು. ಟ್ಯೂಬ್‌ಲೈಟ್ ಹೋಯಿತು, ಜೊತೆಗೆ ಅಜ್ಜಿಯ ತುರುಬೂ ಹೋಯಿತು! ಎರಡೂ ಅಷ್ಟು ಹತ್ತಿರ ಇದ್ದವು.

ಎಲ್ಲರ ಮಾತನ್ನೂ ಕೇಳಬೇಕಿಲ್ಲ. ಮೂವರು ಒಂದೇ ಜಾಗಕ್ಕೆ ಬೆರಳು ತೋರಿಸಿದರೆ ನಂಬಿ, ಒಬ್ಬನೇ ಹೇಳಿದರೆ ಅದು ಅವನ ರುಚಿ ಇರಬಹುದು. ಪ್ರತಿ ಗುಂಪಿನಲ್ಲೂ "ಮೂರನೇ ಒಂದು ಭಾಗದಲ್ಲಿ ಇಡಬೇಕಿತ್ತು" ಅನ್ನುವ ಒಬ್ಬ ಇದ್ದೇ ಇರುತ್ತಾನೆ. ಫ್ರೇಮನ್ನು ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ನಡುವೆ ಇಡದೆ ಆ ಗೆರೆಗಳ ಮೇಲೆ ಇಡಬೇಕು ಅನ್ನುವುದು ಅವನ ನಿಯಮ. ಹಂಪಿಯ ಕಲ್ಲಿನ ರಥವನ್ನು ನೇರ ಎದುರಿನಿಂದ ತೆಗೆದರೂ ಬಿಡಲ್ಲ. ಅಲ್ಲಿ ನಡುವೆ ಇಟ್ಟರೇ ಚೆಂದ ಅಲ್ವಾ?

ಕ್ರಾಪ್‌ನಿಂದ ಆಗದ್ದು ಕಾಲಿನಿಂದ ಆಗುತ್ತದೆ, ಹಾಗಾಗಿ ಅದೇ ಜಾಗಕ್ಕೆ ಮತ್ತೆ ಹೋಗಿ. ಮುಂದಿನ ಭಾನುವಾರ ನಾನೂ ಹೋದೆ. ಮೊದಲು ಕುಕ್ಕರಗಾಲಲ್ಲಿ ಕೂತು ತೆಗೆದಿದ್ದರಿಂದಲೇ ಸೂರು, ಲೈಟು ಎಲ್ಲ ಒಳಗೆ ಬಂದಿದ್ದವು. ಈ ಸಲ ಅಜ್ಜಿಯನ್ನು ಕೇಳಿ, ಪಕ್ಕದ ಮೆಟ್ಟಿಲ ಮೇಲೆ ನಿಂತು ಕೆಳಮುಖವಾಗಿ ತೆಗೆದೆ. ಅಜ್ಜಿಯ ಸುತ್ತ ಹಳದಿ ಹೂವು ಬಿಟ್ಟರೆ ಬೇರೇನೂ ಇಲ್ಲ. ಸಂಜೆ ಪ್ರಿಂಟ್ ಹಿಡಿದುಕೊಂಡು ಗೆಳೆಯರ ಹತ್ತಿರ ಹೋದೆ, ಒಂದು ಮಾತೂ ಆಡದೆ ಕೂತೆ.

"ಈಗ ಅಜ್ಜಿ ಕಂಡ್ರು" ಅಂದ ಅದೇ ಗೆಳೆಯ. "ಆದ್ರೆ ಮೊಳ ಹಾಕೋ ಬೆರಳೇ ಕಟ್ ಆಗಿದ್ಯಲ್ಲೋ!"