911ರ ಹಿಂದಿನ ಸೀಟು ಕೂರಿಸಿದೆ, ಬೆಲ್ಟೇ ಬರಲಿಲ್ಲ

ಹಿಂದಿನ ಸೀಟು ಕಿತ್ತಿದ್ದ ಪೋರ್ಷೆ 911 ಕರೇರಾಕ್ಕೆ ಮಕ್ಕಳಿಗಾಗಿ ಮತ್ತೆ ಸೀಟು ಹಾಕುವಾಗ ಕಾಟ ಕೊಟ್ಟಿದ್ದು ಬೆಲ್ಟ್. ಬೆಲ್ಟ್ ಸುತ್ತಿಕೊಳ್ಳುವ ರೀಲ್ ಬಿಗಿದ ಮೇಲೆ ಒಂದು ಗೇಣೂ ಹೊರಗೆ ಬರಲಿಲ್ಲ.

ರೀಲ್ ಕೆಟ್ಟಿರಲಿಲ್ಲ. ಅದರೊಳಗೆ ವಾಲಿಕೆ ಗುರುತಿಸುವ ಸಣ್ಣ ಗುಂಡು ಇರುತ್ತದೆ. ರೀಲ್ ತನ್ನ ಕೋನ ಬಿಟ್ಟು ಓರೆಯಾದರೆ ಗುಂಡು ಜಾರಿ ಲಾಕ್ ಹಾಕಿಬಿಡುತ್ತದೆ. ಬ್ರಾಕೆಟ್ಟಿನ ನಾಲಿಗೆ ಬಾಡಿಯ ಕಿಂಡಿಯೊಳಗೆ ಕೂತಿರಲಿಲ್ಲ, ಅಷ್ಟೇ. ಬಿಚ್ಚಿ, ಸರಿಯಾಗಿ ಕೂರಿಸಿ ಬಿಗಿದರೆ ಸಲೀಸು. ಪರೀಕ್ಷೆ ಸಮತಟ್ಟು ಜಾಗದಲ್ಲೇ ಮಾಡಿ. ತೀರ್ಥಹಳ್ಳಿ ಕಡೆಯ ಕಡಿದಾದ ಮನೆದಾರಿಯಲ್ಲಿ ಒಳ್ಳೆ ರೀಲೂ ಮುನಿಸಿಕೊಳ್ಳುತ್ತದೆ!

ಬೆಲ್ಟ್ ಬೋಲ್ಟು ಬಹಳ ಕಾರುಗಳಲ್ಲಿ 7/16 ಇಂಚು, ಇಂಚಿಗೆ 20 ಎಳೆ (ಥ್ರೆಡ್). ಅಂಗಡಿಯ ಮಿಲಿಮೀಟರ್ ಅಳತೆಯ ಎಂ10, ಎಂ12 ಬೋಲ್ಟು ತುರುಕಿದರೆ ಎಳೆ ಹಾಳು. ಮಲೆನಾಡಿನ ಮಳೆಗೆ ಕಾರ್ಪೆಟ್ ಅಡಿ ತೂತುಗಳು ತುಕ್ಕು ಹಿಡಿದಿರುತ್ತವೆ. ಅದೇ ಎಳೆಯ ಟ್ಯಾಪ್ (ತೂತಿನ ಎಳೆ ತೀಡುವ ಸಾಧನ) ಓಡಿಸಿ, ಬೋಲ್ಟನ್ನು ಮೊದಲ ನಾಲ್ಕು ಸುತ್ತು ಕೈಯಲ್ಲೇ ತಿರುಗಿಸಿ. ಕೊನೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್, ಮ್ಯಾನ್ಯುಅಲ್ ಹೇಳಿದಷ್ಟೇ. ಕಾರ್ಪೆಟ್ ಪೂರ್ತಿ ಒಣಗದೆ ಸೀಟು ಮುಚ್ಚಿದರೆ ವಾರದಲ್ಲಿ ಬೂಸ್ಟು.

911ರದೇ ರೇಸ್ ಧಾಟಿಯ ಮಾದರಿ ಜಿಟಿ3ಗೆ ಇದನ್ನೇ ಮಾಡಹೊರಡಬೇಡಿ. ಅದು ಸಾಮಾನ್ಯವಾಗಿ ಕಂಪನಿಯಿಂದಲೇ ಎರಡು ಸೀಟಿನದು. ತೆಳು ತಗಡಿಗೆ ತೂತು ಕೊರೆದು ವಾಷರ್ ಹಾಕಿದ ಬೆಲ್ಟ್ ಅಪಘಾತದಲ್ಲಿ ತಗಡನ್ನೇ ಕಿತ್ತುಕೊಂಡು ಬರುತ್ತದೆ. ಆರ್‌ಸಿಯಲ್ಲಿ ಸೀಟಿನ ಸಂಖ್ಯೆ ಎರಡಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ವಾಹನದ ಮಾರ್ಪಾಡಿನದು) ಕೂಡ ಅಡ್ಡ ಬರುತ್ತದೆ.

ನಾಲ್ವರು ಹತ್ತಿದರೆ ಟೈರಿಗೆ ಪೂರ್ಣ ಭಾರದ ಗಾಳಿ ಹಾಕಿ. ಭಾರಕ್ಕೆ ಕಾರು ತಗ್ಗುವುದರಿಂದ ರಸ್ತೆ ಹಂಪನ್ನು ಓರೆಯಾಗಿ ಹತ್ತಿಸಿ.